ಅಡಿಕೆ ತೋಟದಿಂದ ಮೂರನೇ ಮಹಡಿಗೆ: ಗೌರಿಯ ಮೊದಲ ಎಂಟು ವಾರ

ಗೌರಿ ನಮ್ಮ ಅಮ್ಮನ ಬೆಕ್ಕು. 2021ರ ಗೌರಿ ಹಬ್ಬದ ವಾರ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಹುಟ್ಟಿದವಳು. ಹೆಸರು ಬಂದದ್ದೂ ಹಾಗೇ. ಬೂದು ಮೈ, ಬಿಳಿ ಹೊಟ್ಟೆ, ಎಡಗಿವಿಯ ತುದಿ ಸ್ವಲ್ಪ ಹರಿದಿದೆ. 2024ರ ಫೆಬ್ರವರಿ 11ರಂದು ಅವಳು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದಳು. ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದಳು. ಇನ್ನು ಒಬ್ಬಳೇ ಇರೋದು ಬೇಡ ಅಂತ ತೀರ್ಮಾನ ಆಯಿತು. ಅಮ್ಮ ಹಾಕಿದ್ದು ಒಂದೇ ಷರತ್ತು: "ಗೌರಿ ಬಂದರೆ ನಾನೂ ಬರ್ತೀನಿ."

ನಮ್ಮ ಮನೆಯಲ್ಲಿ ನಾನು, ನನ್ನ ಗಂಡ, ಮೂರನೇ ಕ್ಲಾಸಿನ ಮಗ. ನಾನು ಬೆಕ್ಕುಗಳ ನಡುವೆಯೇ ಬೆಳೆದವಳು. ಆದರೆ ಊರಿನಲ್ಲಿ ನಾವು ಬೆಕ್ಕು ಸಾಕುತ್ತಿರಲಿಲ್ಲ, ಬೆಕ್ಕು ತಾನಾಗಿ ಇರುತ್ತಿತ್ತು. ಊಟದ ಹೊತ್ತಿಗೆ ಬರುತ್ತಿತ್ತು, ಉಳಿದದ್ದೆಲ್ಲ ಅದರ ಪಾಡು. ಫ್ಲ್ಯಾಟಿನಲ್ಲಿ ಹಾಗಲ್ಲ. ಉಚ್ಚೆಯಿಂದ ಹಿಡಿದು ಬೇಟೆಯವರೆಗೆ ಎಲ್ಲಕ್ಕೂ ನಾವೇ ಜಾಗ ಮಾಡಿಕೊಡಬೇಕು. ಅದು ನನಗೆ ಅರ್ಥ ಆಗೋಕೆ ಮೂರು ದಿನ ಬೇಕಾಯಿತು. ಆ ಮೂರು ದಿನ ಗೌರಿ ತುಂಬ ಕಷ್ಟಪಟ್ಟಳು. ನಮ್ಮ ಪರಿಚಯದ ಕೆಲವರು ಊರಿನ ಮನೆ ಮುಚ್ಚಿ ಅಪ್ಪ ಅಮ್ಮನನ್ನು ಕರೆತರುವಾಗ ಬೆಕ್ಕನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಅಂಥವರ ಕೈಗೆ ಈ ವಿವರ ಸಿಗಲಿ ಅಂತ ಆಗಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಬರುವ ಮುಂಚೆ

ಎರಡು ವಾರ ಸಮಯ ಇತ್ತು. ಮೊದಲು ನೋಡಿದ್ದು ಬಾಲ್ಕನಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಕಾಲೂರೋದು ನಿಜ, ಪೆಟ್ಟಾಗೋದಿಲ್ಲ ಅನ್ನೋದು ಸುಳ್ಳು. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಸಿಕ್ಕವುಗಳಲ್ಲಿ ಶೇಕಡಾ 90ರಷ್ಟು ಬದುಕಿದವು. ಜನ ಈ ಅಂಕಿಯನ್ನೇ ಹಿಡಿದು ಧೈರ್ಯ ಹೇಳುತ್ತಾರೆ. ಆದರೆ ಅವುಗಳಲ್ಲಿ ಎಷ್ಟೋ ಬೆಕ್ಕುಗಳ ಎದೆಗೂಡಿಗೆ ಪೆಟ್ಟಾಗಿತ್ತು, ಕಾಲು ಮುರಿದಿತ್ತು, ದವಡೆ ಒಡೆದಿತ್ತು. ಬಿದ್ದಲ್ಲೇ ಸತ್ತ ಬೆಕ್ಕು ಆಸ್ಪತ್ರೆಯ ಲೆಕ್ಕಕ್ಕೆ ಸೇರೋದೇ ಇಲ್ಲ, ಅಲ್ವಾ?

ನಮ್ಮ ಬಾಲ್ಕನಿಗೆ ಪಾರಿವಾಳದ ಬಲೆ ಮೊದಲೇ ಇತ್ತು. ಅದು ಪಾರಿವಾಳ ಒಳಗೆ ಬರದಂತೆ ಕಟ್ಟಿದ ತೆಳು ನೈಲಾನ್. ಬೆಕ್ಕು ಹಲ್ಲಿನಲ್ಲಿ ಕಡಿದರೆ ನಿಲ್ಲೋದಿಲ್ಲ. ಕೆಳಗಿನ ನಾಲ್ಕು ಅಡಿಗೆ ತಂತಿ ಜಾಲರಿ ಹಾಕಿಸಿದೆವು. ಕಿಟಕಿಗಳ ಸೊಳ್ಳೆ ಜಾಲರಿಯನ್ನೂ ನಂಬಬೇಡಿ. ಒಂದು ಸಲ ಉಗುರು ಸಿಕ್ಕಿಸಿ ಎಳೆದರೆ ಅಂಚಿನಿಂದ ಬಿಟ್ಟುಕೊಳ್ಳುತ್ತೆ.

ಆಮೇಲೆ ಮನೆಯೊಳಗಿನ ವಿಷಗಳು. ಅಲಮಾರಿಯಲ್ಲಿದ್ದ ನುಸಿಗುಳಿಗೆ ತೆಗೆದೆ. ಜಿರಳೆ ಚಾಕ್, ಇಲಿ ಪಾಷಾಣ ಮನೆಯಿಂದಲೇ ಹೊರಗೆ ಹೋದವು. ಪ್ಯಾರಾಸಿಟಮಾಲ್ ಡಬ್ಬಿ ಮುಚ್ಚಳ ಭದ್ರ ಇರುವ ಪೆಟ್ಟಿಗೆ ಸೇರಿತು. ನಮಗೆ ಜ್ವರ ಇಳಿಸುವ ಆ ಮಾತ್ರೆಯನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಲಾರದು. ಒಂದೇ ಮಾತ್ರೆಗೆ ಜೀವ ಹೋಗಬಹುದು. ಪೂಜೆಗೆ ಅಂತ ಕುಂಡದಲ್ಲಿ ಬೆಳೆಸಿದ್ದ ಕಣಗಿಲೆ ಗಿಡವನ್ನು ಕೆಳಗಿನ ತೋಟಕ್ಕೆ ಕೊಟ್ಟೆ, ಅದು ಹೃದಯಕ್ಕೆ ವಿಷ. ಹೂಗುಚ್ಛದಲ್ಲಿ ಬರುವ ಲಿಲ್ಲಿಯಂತೂ ಬೆಕ್ಕಿರುವ ಮನೆಗೆ ಕಾಲಿಡಲೇಬಾರದು. ಎಲೆ, ಹೂವು, ಪರಾಗ, ಅದನ್ನಿಟ್ಟ ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಟ್ಟುಹೋಗುತ್ತದೆ.

ಅಂಗಡಿಯಿಂದ ಬೆಕ್ಕು ಶೌಚ ಮಾಡುವ ಟ್ರೇ, ಅದಕ್ಕೆ ಮಣ್ಣಿನ ಬದಲು ಹಾಕುವ ಹರಳು (ಲಿಟರ್), ಕಾರ್ಪೆಟ್ ಸುತ್ತಿದ ಪರಚುವ ಕಂಬ, ಮೆತ್ತನೆ ಹಾಸಿಗೆ, ಬೆಕ್ಕನ್ನು ಒಯ್ಯುವ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ (ಕ್ಯಾರಿಯರ್) ತಂದೆವು. ಅಮ್ಮನಿಗೆ ಅಂತ ಮಾಡಿದ ಸಣ್ಣ ರೂಮಿನಲ್ಲಿ ಎಲ್ಲ ಜೋಡಿಸಿದೆವು. ಎಲ್ಲ ತಯಾರಾಯಿತು ಅಂತ ನನಗೆ ನೆಮ್ಮದಿ.

ಪ್ರಯಾಣ, ಮತ್ತೆ ಮಂಚದ ಕೆಳಗೆ

ಊರಿನಲ್ಲಿ ಬೆಕ್ಕು ಸಾಗಿಸೋದು ಗೋಣಿಚೀಲದಲ್ಲಿ. ಅಮ್ಮನೂ ಚೀಲ ತೆಗೆದಿಟ್ಟಿದ್ದಳು. ನಾವು ಚೀಲದ ಬದಲು ಅವಳ ಹಳೇ ಹತ್ತಿ ಸೀರೆಯನ್ನು ಕ್ಯಾರಿಯರಿನೊಳಗೆ ಹಾಸಿದೆವು. ಬೆಳಿಗ್ಗೆ ಊಟ ಕೊಡಲಿಲ್ಲ, ಕಾರಿನಲ್ಲಿ ವಾಂತಿ ಆಗದಿರಲಿ ಅಂತ. ಕ್ಯಾರಿಯರಿಗೆ ಸೀಟ್ ಬೆಲ್ಟ್ ಹಾಕಿ, ಮೇಲೆ ಟವೆಲ್ ಮುಚ್ಚಿದೆವು. ದಾರಿಯಲ್ಲಿ ಎಲ್ಲೂ ಬಾಗಿಲು ತೆಗೆಯಲಿಲ್ಲ. ಹೆದರಿದ ಬೆಕ್ಕು ಕಾರಿನ ಬಾಗಿಲಿನಿಂದ ಒಮ್ಮೆ ಹಾರಿದರೆ ಹೆದ್ದಾರಿ ಬದಿಯಲ್ಲಿ ಅದನ್ನು ಹುಡುಕೋದು ಅಸಾಧ್ಯ. ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ಉದ್ದಕ್ಕೂ ಕೂಗಿದಳು. ತಿಪಟೂರು ದಾಟಿದ ಮೇಲೆ ಸುಮ್ಮನಾದಳು. ಆ ಮೌನ ಕೂಗಿಗಿಂತ ಜಾಸ್ತಿ ಸಂಕಟ ಕೊಟ್ಟಿತು.

ರೂಮಿಗೆ ಬಂದು ಕ್ಯಾರಿಯರ್ ಬಾಗಿಲು ತೆಗೆದದ್ದೇ ತಡ, ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಂಡು ಮಂಚದ ಕೆಳಗೆ ನುಗ್ಗಿದಳು. ಗೋಡೆಯ ಮೂಲೆಗೆ ಒತ್ತಿ ಕೂತಳು. ಕತ್ತಲಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

ಮೊದಲ ರಾತ್ರಿ ಏನೂ ತಿನ್ನಲಿಲ್ಲ. ಮರುದಿನ ಸಂಜೆವರೆಗೂ ಇಲ್ಲ. ಪಶುವೈದ್ಯರಿಗೆ ಫೋನ್ ಮಾಡಿದೆ. ಹೊಸ ಜಾಗದಲ್ಲಿ ಒಂದು ದಿನ ಉಪವಾಸ ಇರೋದು ಸಾಮಾನ್ಯ, ಆದರೆ ಎರಡು ದಿನ ದಾಟಿದರೆ ಕಾಯಬೇಡಿ, ಕರೆತನ್ನಿ ಅಂದರು. ನಾಯಿ ಹಾಗೆ ಬೆಕ್ಕು ಉಪವಾಸ ತಡೆಯೋದಿಲ್ಲ. ಹೊಟ್ಟೆಗೆ ಏನೂ ಬೀಳದಿದ್ದಾಗ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತೆ, ಕೆಲವೇ ದಿನಗಳಲ್ಲಿ ಅದು ಜೀವಕ್ಕೇ ಕುತ್ತಾಗಬಹುದು. ಇದನ್ನು ಕೇಳಿ ನಾನು ಮಂಚದ ಕೆಳಗೆ ಮಲಗಿ "ಬಾ ಗೌರಿ, ಬಾ" ಅಂತ ತಟ್ಟೆ ತಳ್ಳಿದೆ. ಮಗ ಟಾರ್ಚ್ ಬಿಟ್ಟ. ಅವಳು ಇನ್ನೂ ಮುದುಡಿದಳು.

ಅಮ್ಮ ನಮ್ಮಿಬ್ಬರನ್ನೂ ರೂಮಿನಿಂದ ಹೊರಗೆ ಕಳಿಸಿದಳು. "ಎಂತ ಮಾಡ್ತಿದೀರಿ? ಹುಲಿ ಹಿಡಿಯೋಕೆ ಬಂದ ಹಾಗೆ ನೋಡ್ತೀರಲ್ಲ ಮಾರಾಯ್ತಿ, ಅದಕ್ಕೆ ಹೆದರಿಕೆ ಆಗೋದಿಲ್ವಾ?"

ಆಮೇಲೆ ಅವಳು ಮಾಡಿದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಮಂಚಕ್ಕೆ ಬೆನ್ನು ಹಾಕಿ, ಗೋಡೆಗೊರಗಿ ಕಾಲು ಚಾಚಿ ಕೂತಳು. ಮಡಿಲಲ್ಲಿ ಒಂದು ಮೊರ ಅವರೆಕಾಯಿ. ಕಾಯಿ ಬಿಡಿಸುತ್ತಾ ಊರಿನ ಸುದ್ದಿ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಯಾರ ಮನೆ ಕೊಯ್ಲು ಮುಗಿಯಿತು, ಯಾರ ದನ ಕರು ಹಾಕಿತು. ಒಂದು ಸಲವೂ ಮಂಚದ ಕೆಳಗೆ ನೋಡಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಬೂದು ಮೂತಿ ಹೊರಗೆ ಬಂತು. ಮೊದಲು ಅವರೆ ಸಿಪ್ಪೆ ಮೂಸಿತು. ಆಮೇಲೆ ಅಮ್ಮನ ಹಿಮ್ಮಡಿ ಮೂಸಿತು. ಅಮ್ಮ ಕೈ ನಿಲ್ಲಿಸಲಿಲ್ಲ, ಮಾತೂ ನಿಲ್ಲಿಸಲಿಲ್ಲ.

ಆ ರಾತ್ರಿ ಪ್ಯಾಕೆಟ್ಟಿನ ಮೀನಿನ ಊಟವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ಬೆಚ್ಚಗಾದರೆ ವಾಸನೆ ಏಳುತ್ತೆ, ಬೆಕ್ಕಿಗೆ ಹಸಿವು ಬರೋದೇ ಮೂಗಿನಿಂದ. ನಮ್ಮದು ಮೀನು ಮಾಂಸ ತಿನ್ನದ ಮನೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಆದರೆ ತಟ್ಟೆಯನ್ನು ಮಂಚದ ಅಂಚಿಗೆ ಅವಳೇ ಇಟ್ಟಳು. ಮೂವತ್ತಾರು ಗಂಟೆ ಆದ ಮೇಲೆ ಗೌರಿ ಮೂರು ಚಮಚ ತಿಂದಳು.

ಸುವರ್ಣಗೆಡ್ಡೆಯ ಚೀಲ

ಊಟದ ಚಿಂತೆ ತೀರಿತು ಅನ್ನುವಷ್ಟರಲ್ಲಿ ಇನ್ನೊಂದು. ಟ್ರೇ ಮುಟ್ಟೇ ಇರಲಿಲ್ಲ. ಉಚ್ಚೆ ಎಲ್ಲಿ ಮಾಡುತ್ತಿದ್ದಾಳೆ? ಇಲ್ಲವೇ ಮಾಡುತ್ತಲೇ ಇಲ್ಲವಾ? ಬೆಕ್ಕು ಒಂದು ದಿನ ಪೂರ್ತಿ ಮೂತ್ರ ಮಾಡದಿದ್ದರೆ ವೈದ್ಯರ ಹತ್ತಿರ ಓಡಬೇಕು. ಗಂಡುಬೆಕ್ಕಾದರೆ ಅಷ್ಟೂ ಕಾಯಬಾರದು, ನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತೆ.

ಮೂರನೇ ದಿನ ಬೆಳಿಗ್ಗೆ ವಾಸನೆ ಹಿಡಿದು ಹುಡುಕಿದೆವು. ಅಮ್ಮ ಊರಿನಿಂದ ಒಂದು ಚೀಲ ಸುವರ್ಣಗೆಡ್ಡೆ ತಂದು ರೂಮಿನ ಮೂಲೆಯಲ್ಲಿ ಇಟ್ಟಿದ್ದಳು. ಆಗಷ್ಟೇ ಅಗೆದದ್ದು, ಮೈಗೆಲ್ಲ ಮಣ್ಣು. ಗೌರಿ ಚೀಲದ ಬಾಯಿ ಸರಿಸಿ, ಗೆಡ್ಡೆಯ ಮೇಲಿನ ಮಣ್ಣನ್ನು ಕೆರೆದು, ಅಲ್ಲೇ ಎಲ್ಲ ಮುಗಿಸಿದ್ದಳು. ಮುಗಿಸಿ ಮಣ್ಣು ಮುಚ್ಚಲು ನೋಡಿದ್ದಳು. ಗೆಡ್ಡೆಯ ಸಿಪ್ಪೆ ಮೇಲೆ ಉಗುರಿನ ಗೆರೆಗಳು ಸಾಲಾಗಿ ಮೂಡಿದ್ದವು.

ಆ ಗೆರೆ ನೋಡಿ ನನಗೆ ಅಳು ಬಂತು. ಅವಳು ಗಲೀಜು ಮಾಡಿರಲಿಲ್ಲ. ಗೊತ್ತಿದ್ದ ಮಣ್ಣನ್ನು ಇಡೀ ರೂಮಿನಲ್ಲಿ ಹುಡುಕಿ, ಸಿಕ್ಕ ಒಂದೇ ಜಾಗದಲ್ಲಿ ಶಿಸ್ತಾಗಿ ಮಾಡಿದ್ದಳು. ಎರಡೂವರೆ ವರ್ಷ ತೋಟದ ಮಣ್ಣಿನಲ್ಲಿ ಗುಂಡಿ ತೋಡಿದವಳಿಗೆ ನಾವು ಕೊಟ್ಟಿದ್ದು ಲ್ಯಾವೆಂಡರ್ ವಾಸನೆಯ ಗಟ್ಟಿ ಹರಳು. ಅದು ಶೌಚದ ಜಾಗ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಅವತ್ತೇ ಒಂದು ನೋಟ್‌ಬುಕ್ ತೆಗೆದು ಹಾಳೆ ನಡುವೆ ಗೆರೆ ಎಳೆದೆ. ಎಡಗಡೆ 'ಅಲ್ಲಿ', ಬಲಗಡೆ 'ಇಲ್ಲಿ' ಅಂತ ಬರೆದೆ. ಗೌರಿ ಅಲ್ಲಿ ಏನೇನು ಮಾಡುತ್ತಿದ್ದಳು, ಎಲ್ಲಿ, ಯಾವ ಹೊತ್ತಿಗೆ ಅಂತ ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ಎಲ್ಲಿ ಮಲಗುತ್ತಿದ್ದಳು? ಬಚ್ಚಲೊಲೆಯ ಪಕ್ಕದ ಗೋಣಿ ಮೇಲೆ. ಎಲ್ಲಿ ಪರಚುತ್ತಿದ್ದಳು? ಚಪ್ಪರದ ಅಡಿಕೆ ಕಂಬ. ನೀರು? ಬಾವಿಕಟ್ಟೆಯ ಕಲ್ಲಿನ ಬೋಗುಣಿ. ಕತ್ತಲಾದ ಮೇಲೆ? ಭತ್ತದ ಕಣಜದ ಸುತ್ತ ಇಲಿ ಕಾಯೋದು. ಬಲಗಡೆ ಕಾಲಂ ಖಾಲಿ ಇತ್ತು. ಊರಿನಿಂದ ಹೊರಡುವ ಮುಂಚೆಯೇ ಮಾಡಬೇಕಾಗಿದ್ದ ಕೆಲಸ ಇದು. ನಾನು ಅಂಗಡಿಯಲ್ಲಿ ಸಿಗುವ ಯಾವುದೋ ಬೆಕ್ಕಿಗೆ ಮನೆ ಸಿದ್ಧ ಮಾಡಿದ್ದೆ, ಗೌರಿಗೆ ಮಾಡಿರಲಿಲ್ಲ.

ಟ್ರೇಯಲ್ಲಿದ್ದ ಹರಳು ಸುರಿದು, ಚೀಲದ ತಳದಲ್ಲಿದ್ದ ಮಣ್ಣು ಹಾಕಿದೆವು. ಅದು ಸಾಲದೆ ಅಪಾರ್ಟ್‌ಮೆಂಟಿನ ತೋಟದಿಂದ ಗೊಬ್ಬರ, ಔಷಧಿ ಹೊಡೆಯದ ಮಣ್ಣು ತಂದು ಸೇರಿಸಿದೆವು. ಟ್ರೇಯನ್ನು ಊಟದ ತಟ್ಟೆಯಿಂದ ದೂರ ಸರಿಸಿದೆವು. ಉಣ್ಣುವಲ್ಲಿ ಶೌಚ ಮಾಡೋಕೆ ಬೆಕ್ಕು ಒಪ್ಪೋದಿಲ್ಲ. ಆ ರಾತ್ರಿ ಹನ್ನೊಂದಕ್ಕೆ ಕರಕರ ಅಂತ ಮಣ್ಣು ಕೆರೆಯುವ ಸದ್ದು ಕೇಳಿತು. ಅಮ್ಮ ಕತ್ತಲಲ್ಲೇ "ಆಯ್ತು, ಇನ್ನು ಮಲಗು" ಅಂದಳು. ನನಗೆ ಹೇಳಿದಳೋ ಗೌರಿಗೆ ಹೇಳಿದಳೋ ಗೊತ್ತಾಗಲಿಲ್ಲ.

ಮಣ್ಣನ್ನು ಹಾಗೇ ಮುಂದುವರಿಸೋಕೆ ಆಗೋದಿಲ್ಲ, ವಾಸನೆ ಬರುತ್ತೆ, ಹುಳ ಆಗುತ್ತೆ. ಪರಿಮಳ ಇಲ್ಲದ ಸಣ್ಣ ಕಾಳಿನ ಲಿಟರ್ ತಂದು ದಿನಕ್ಕೊಂದು ಹಿಡಿ ಸೇರಿಸಿ, ಅಷ್ಟೇ ಮಣ್ಣು ತೆಗೆಯುತ್ತಾ ಬಂದೆ. ಮೂರು ವಾರದಲ್ಲಿ ಪೂರ್ತಿ ಲಿಟರ್ ಆಯಿತು. ಬಾಲ್ಕನಿಯಲ್ಲಿ ಇನ್ನೊಂದು ಟ್ರೇ ಇಟ್ಟೆವು. ಬೆಕ್ಕುಗಳ ಸಂಖ್ಯೆಗಿಂತ ಒಂದು ಜಾಸ್ತಿ ಟ್ರೇ ಇರಬೇಕು ಅನ್ನೋದು ಬೆಕ್ಕು ಸಾಕುವವರ ಲೆಕ್ಕ.

ಹಾಲು ಅನ್ನ ಸಾಕಾಗದು

ಇದರಲ್ಲಿ ಅಮ್ಮನಿಗೂ ನನಗೂ ನಿಜವಾಗಿ ಜಗಳವೇ ಆಯಿತು. "ಹುಟ್ಟಿದಾಗಿನಿಂದ ಹಾಲು ಅನ್ನ ತಿಂದೇ ಬೆಳೆದವಳು. ಈಗೆಂತಕ್ಕೆ ಆ ಪ್ಯಾಕೆಟ್?" ಅಂತ ಅಮ್ಮ.

ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಹಾಲು ಅನ್ನ. ಕಣ್ಣಿಗೆ ಬೀಳದೆ ಅವಳು ತಿನ್ನುತ್ತಿದ್ದದ್ದು ಇಲಿ, ಹಲ್ಲಿ, ಕಪ್ಪೆ, ಮಿಡತೆ. ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು. ಅದನ್ನು ಬೆಕ್ಕಿನ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸದಲ್ಲಿ, ಮೀನಿನಲ್ಲಿ ಸಿಗುತ್ತೆ. ಅಕ್ಕಿಯಲ್ಲಿ ಇಲ್ಲ, ಹಾಲಿನಲ್ಲಿ ಸಾಲುವಷ್ಟಿಲ್ಲ. ಕಡಿಮೆಯಾದರೆ ಕಣ್ಣು ಕಾಣದಾಗುತ್ತೆ, ಹೃದಯ ಹಿಗ್ಗಿ ಬಲಗುಂದುತ್ತೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕರು ತೋರಿಸಿಕೊಟ್ಟಿದ್ದೂ 1987ರಲ್ಲೇ. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಹಾಕುವ ಟಾರಿನ್ ಜಾಸ್ತಿ ಮಾಡಿದವು. ಊರಿನಲ್ಲಿ ಗೌರಿ ಹಾಲು ಅನ್ನ ತಿಂದೂ ಗಟ್ಟಿಯಾಗಿದ್ದದ್ದು ಇಲಿಯಿಂದ. ಮೂರನೇ ಮಹಡಿಯಲ್ಲಿ ಇಲಿ ಎಲ್ಲಿಂದ ತರೋದು?

ಹಾಲಿನ ವಿಷಯವೂ ಹಾಗೇ. ಬೆಕ್ಕು ದೊಡ್ಡದಾದ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆಯಾಗುತ್ತಾ ಬರುತ್ತೆ. ಎಷ್ಟೋ ಬೆಕ್ಕುಗಳಿಗೆ ಭೇದಿ ಆಗುತ್ತೆ. ಗೌರಿಗೂ ಎರಡು ದಿನ ಆಯಿತು.

ಅಮ್ಮನ ಮನಸ್ಸು ಬದಲಾಯಿಸಿದ್ದು ನನ್ನ ವಾದ ಅಲ್ಲ, 'ಅಲ್ಲಿ' ಅಂತ ಬರೆದ ಕಾಲಂ. ಅದನ್ನು ಎರಡು ಸಲ ಓದಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಣಜದ ಹತ್ತಿರ ದಿನಾ ಒಂದಾದರೂ ಹಿಡೀತಿದ್ದಳು, ಹೌದು" ಅಂದಳು. ಆಮೇಲೆ ಅವಳೇ ವ್ಯವಸ್ಥೆ ಮಾಡಿದಳು. ಪಾತ್ರೆ, ಬಟ್ಟೆ ತೊಳೆಯುವ ಯುಟಿಲಿಟಿಯಲ್ಲಿ ಗೌರಿಯದ್ದೇ ಒಂದು ಕಪಾಟು, ಅವಳದ್ದೇ ಚಮಚ, ಅವಳದ್ದೇ ತಟ್ಟೆ, ತೊಳೆಯೋಕೆ ಬೇರೆ ನಾರು. ಅಡುಗೆಮನೆಗೆ ಅದ್ಯಾವುದೂ ಬರೋದಿಲ್ಲ. ಅಮ್ಮನ ಮಡಿಯೂ ಉಳಿಯಿತು, ಗೌರಿಯ ಹೊಟ್ಟೆಯೂ ತುಂಬಿತು. ಮೀನು ಮಾಂಸ ತಿನ್ನದ ಮನೆಯವರು ಬೆಕ್ಕನ್ನೂ ಸಸ್ಯಾಹಾರಿ ಮಾಡಲು ಹೋಗಬೇಡಿ. ಅದಕ್ಕೆ ಮೀನು ಮಾಂಸ ಕೊಡೋಕೆ ಆಗದಿದ್ದರೆ ಬೆಕ್ಕು ತರಬೇಡಿ ಅಂತಲೇ ನಾನು ಹೇಳುತ್ತೇನೆ. ನಮ್ಮ ಊಟದ ಸಾಂಬಾರು, ಪಲ್ಯವನ್ನೂ ಹಾಕಬಾರದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಬಲಗಡೆ ಕಾಲಂ ಒಂದೊಂದಾಗಿ ತುಂಬಿತು. ಕಾರ್ಪೆಟ್ ಕಂಬವನ್ನು ಗೌರಿ ಮೂಸಿಯೂ ನೋಡಿರಲಿಲ್ಲ. ಮೇಜಿನ ಕಾಲಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿದೆವು, ಅವಳು ಹಿಂಗಾಲಿನಲ್ಲಿ ನಿಂತು ಪೂರ್ತಿ ಮೈ ಚಾಚುವಷ್ಟು ಎತ್ತರಕ್ಕೆ. ಅವತ್ತೇ ಪರಚಿದಳು. ಮೆತ್ತನೆ ಹಾಸಿಗೆ ತೆಗೆದು ಗೋಣಿ ಹಾಸಿದೆವು. ಊಟದ ತಟ್ಟೆಯಿಂದ ದೂರ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟೆವು. ಬೇಟೆಯ ಬದಲು ಕೋಲಿಗೆ ಬಟ್ಟೆಚೂರು ಕಟ್ಟಿ ಸಂಜೆ ಕಾಲು ಗಂಟೆ ಆಟ. ಆಟ ಮುಗಿದ ತಕ್ಷಣ ಊಟ. ಬೇಟೆಯಾಡಿ, ತಿಂದು, ಮೈ ನೆಕ್ಕಿಕೊಂಡು, ಮಲಗೋದು ಅವಳ ಕ್ರಮ. ಮೊದಲೆಲ್ಲ ಬೆಳಗಿನ ಜಾವ ನಾಲ್ಕೂವರೆಗೆ ಕೂಗುತ್ತಿದ್ದಳು. ಆಟ ಮತ್ತು ಊಟವನ್ನು ರಾತ್ರಿ ಹತ್ತಕ್ಕೆ ಸರಿಸಿದ ಮೇಲೆ ಅದು ನಿಂತಿತು.

ಮಗನ ಪಾಠ

ಐದನೇ ದಿನ ಮಗ ತಡೆಯಲಾರದೆ ಮಂಚದ ಕೆಳಗೆ ಕೈ ಹಾಕಿದ. ಮುಂಗೈ ಮೇಲೆ ಕೆಂಪು ಗೆರೆ ಬಿತ್ತು. ರಕ್ತ ಬಂದಿರಲಿಲ್ಲ. "ಮನೆ ಬೆಕ್ಕು ತಾನೇ, ಅರಿಶಿನ ಹಚ್ಚು" ಅಂದವರೂ ಇದ್ದರು. ನಾವು ನಲ್ಲಿ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು ತೊಳೆದೆವು. ಅವತ್ತೇ ಸಂಜೆ ರೇಬಿಸ್ ಲಸಿಕೆ ಶುರು ಮಾಡಿಸಿದೆವು. ಗೌರಿಗೆ ಆವರೆಗೆ ಒಂದೂ ಲಸಿಕೆ ಆಗಿರಲಿಲ್ಲ, ಊರಿನಲ್ಲಿ ನಾಯಿಗಳ ಜೊತೆ ಕಾದಾಡಿದವಳು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕೋದು ಇಲ್ಲವೆನ್ನುವಷ್ಟು ಅಪರೂಪ. ಇದರಲ್ಲಿ ಮುಲಾಜು ಬೇಡ.

ಮಗನಿಗೆ ಬೈಯಲಿಲ್ಲ. ಬೇರೆ ಕೆಲಸ ಕೊಟ್ಟೆ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದ್ದರು. ಬೆಕ್ಕಿನ ಕಡೆ ನೋಡಿ ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆದರೆ ಅದೂ ಹಾಗೇ ಮಾಡುತ್ತೆ, ಹತ್ತಿರ ಬರಲು ಒಪ್ಪುತ್ತೆ ಅಂತ. ಮಗ ದಿನಾ ಶಾಲೆಯಿಂದ ಬಂದು ಬಾಗಿಲ ಬಳಿ ಕೂತು ಕಣ್ಣು ಮುಚ್ಚಿ ತೆರೆಯುತ್ತಿದ್ದ. ಹತ್ತನೇ ದಿನ ಓಡಿ ಬಂದು ಕಿವಿಯಲ್ಲಿ ಹೇಳಿದ, "ಅಮ್ಮಾ, ಅವಳೂ ಮಾಡಿದಳು." ಅವತ್ತಿನಿಂದ ಅವಳು ಬಂದರೆ ಮಾತ್ರ ಮುಟ್ಟುತ್ತಾನೆ.

ಹತ್ತನೇ ದಿನವೇ ರೂಮಿನ ಬಾಗಿಲು ತೆರೆದಿಟ್ಟೆವು, ರಾತ್ರಿ, ಎಲ್ಲ ಸದ್ದು ಅಡಗಿದ ಮೇಲೆ. ಅದಕ್ಕೂ ಮುಂಚೆ ಒಂದು ಹತ್ತಿ ಬಟ್ಟೆಯನ್ನು ಅಮ್ಮ ಅವಳ ಕೆನ್ನೆಗೆ ಮೆಲ್ಲಗೆ ಸವರಿದಳು. ಅದನ್ನೇ ಸೋಫಾದ ಮೂಲೆ, ಬಾಗಿಲ ಚೌಕಟ್ಟು, ಮೇಜಿನ ಕಾಲಿಗೆ ಒರೆಸಿದೆವು. ಬೆಕ್ಕಿನ ಕೆನ್ನೆಯಲ್ಲಿ ವಾಸನೆ ಗ್ರಂಥಿಗಳಿವೆ. ತನ್ನದು ಅನ್ನಿಸಿದ ಜಾಗಕ್ಕೆ ಅದು ಕೆನ್ನೆ ಉಜ್ಜೋದು ಅದಕ್ಕೇ. ಗೌರಿ ಹಾಲ್‌ಗೆ ಬಂದು ಗೋಡೆಯಂಚಿನಲ್ಲೇ ಒಂದು ಸುತ್ತು ಹಾಕಿದಳು. ಸೋಫಾದ ಮೂಲೆ ಮೂಸಿ, ನಿಂತು, ಇನ್ನೊಮ್ಮೆ ಮೂಸಿದಳು. ಆಮೇಲೆ ಬಾಲ ಮೇಲೆದ್ದಿತು. ಬೆಳಿಗ್ಗೆ ಕುಕ್ಕರ್ ಮೊದಲ ವಿಷಲ್ ಹಾಕಿದಾಗ ಬಾಲ ಸುಟ್ಟ ಬೆಕ್ಕಿನ ಹಾಗೆ ರೂಮಿಗೆ ಓಡಿದಳು. ಓಡಿ ಬಚ್ಚಿಟ್ಟುಕೊಳ್ಳೋಕೆ ಅವಳಿಗೆ ಒಂದು ಜಾಗ ಇತ್ತಲ್ಲ, ಮೊದಲು ಒಂದೇ ರೂಮಿನಲ್ಲಿ ಇಟ್ಟಿದ್ದು ಅದಕ್ಕೇ.

ಫಿನಾಯಿಲ್ ಮತ್ತು ಹೂವಿನ ದಾರ

ಮಾರ್ಚ್ 8 ಶಿವರಾತ್ರಿ. ಹಬ್ಬಕ್ಕೆ ಮನೆ ತೊಳೆಯುವಾಗ ಕೆಲಸಕ್ಕೆ ಬರುವ ಅಕ್ಕ, ಪಾಪ, ಗೌರಿಯ ಟ್ರೇಯನ್ನೂ ಫಿನಾಯಿಲ್ ಹಾಕಿ ಉಜ್ಜಿದರು. ಅವತ್ತು ಗೌರಿ ಬಾಗಿಲ ಕಾಲೊರೆಸಿನ ಮೇಲೆ ಮಾಡಿದಳು. ಅಕ್ಕನಿಗೆ ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು. ಫಿನಾಯಿಲ್ ವಾಸನೆ ಬೆಕ್ಕಿಗೆ ಆಗದು ಅನ್ನೋದು ಸಣ್ಣ ವಿಷಯ. ನೆಲದ ಫಿನಾಯಿಲ್ ಪಾದಕ್ಕೆ ಅಂಟುತ್ತೆ, ಬೆಕ್ಕು ಪಾದ ನೆಕ್ಕುತ್ತೆ, ಅದರಲ್ಲಿರುವ ಫೀನಾಲ್ ಅದಕ್ಕೆ ವಿಷ. ಈಗ ಟ್ರೇಗೆ ಬಿಸಿನೀರು, ವಾಸನೆ ಇಲ್ಲದ ಸೋಪು. ನೆಲಕ್ಕೆ ಬರೀ ನೀರು, ಬೇಕಾದಾಗ ಸ್ವಲ್ಪ ಸೋಪು ಹಾಕಿ ಮತ್ತೆ ಬರೀ ನೀರಿನಲ್ಲಿ ಒರೆಸೋದು.

ಇದಕ್ಕಿಂತ ಜಾಸ್ತಿ ಹೆದರಿಸಿದ್ದು ಮುಂದಿನ ಶುಕ್ರವಾರ. ಅಮ್ಮ ಸಂಜೆ ಮಲ್ಲಿಗೆ ಕಟ್ಟುತ್ತಿದ್ದಳು. ಫೋನ್ ಬಂತು ಅಂತ ಎದ್ದಳು. ನಾನು ಬಂದು ನೋಡಿದರೆ ಗೌರಿಯ ಬಾಯಿಂದ ಬಿಳಿ ದಾರ ಎರಡು ಬೆರಳಿನಷ್ಟು ನೇತಾಡುತ್ತಿತ್ತು. ಅವಳು ನುಂಗುತ್ತಲೇ ಇದ್ದಳು. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳುಗಳು ಹಿಂದಕ್ಕೆ ಬಾಗಿವೆ. ಒಮ್ಮೆ ಸಿಕ್ಕ ದಾರವನ್ನು ಉಗಿಯೋಕೆ ಬರೋದಿಲ್ಲ, ಒಳಗೇ ಹೋಗುತ್ತೆ.

ನನ್ನ ಕೈ ದಾರ ಎಳೆಯೋಕೆ ಹೋಗಿತ್ತು. ಗಂಡ ತಡೆದು ವೈದ್ಯರಿಗೆ ಫೋನ್ ಮಾಡಿದರು. "ಎಳೆಯಬೇಡಿ, ಕತ್ತರಿಸಲೂ ಬೇಡಿ, ಹಾಗೇ ಕರೆತನ್ನಿ" ಅಂದರು. ದಾರದ ಒಂದು ತುದಿ ಒಳಗೆ ಸಿಕ್ಕಿಕೊಂಡಿದ್ದರೆ, ಎಳೆದಾಗ ಕರುಳು ನಿರಿಗೆ ಹಿಡಿದು ಕೊಯ್ದುಹೋಗಬಹುದು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊರಗಿದ್ದದ್ದೂ ಒಳಗೆ ಹೋಗಿತ್ತು. ನಾಲಿಗೆ ಬುಡದಲ್ಲಿ ಸುತ್ತಿಕೊಂಡಿದೆಯಾ ಅಂತ ನೋಡಿದರು, ಇರಲಿಲ್ಲ. ಸ್ಕ್ಯಾನ್ ಮಾಡಿ, ವಾಂತಿ ಆದರೆ ಅಥವಾ ಊಟ ಬಿಟ್ಟರೆ ರಾತ್ರಿಯಾದರೂ ಬನ್ನಿ, ಆಪರೇಷನ್ ಬೇಕಾಗಬಹುದು ಅಂದರು. ಅಮ್ಮ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೇ ದಿನ ಮಲದಲ್ಲಿ ದಾರ ಬಂತು, ಒಂದು ಗೇಣು ಉದ್ದ. ಅವತ್ತಿನಿಂದ ಹೂವಿನ ದಾರ, ಹೊಲಿಗೆ ದಾರ, ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಎಲ್ಲ ಮುಚ್ಚಳದ ಡಬ್ಬಿಯಲ್ಲಿ. ಅಮ್ಮ ಹೂ ಕಟ್ಟುವಾಗ ಎದ್ದರೆ ಬುಟ್ಟಿಯನ್ನೂ ಎತ್ತಿಕೊಂಡೇ ಏಳುತ್ತಾಳೆ. ಮನೆ ವಿಷಗಳನ್ನೆಲ್ಲ ತೆಗೆದ ನನಗೆ ದಾರದ ಯೋಚನೆಯೇ ಬಂದಿರಲಿಲ್ಲ.

ಲಸಿಕೆ, ಆಪರೇಷನ್

ಒಂಬತ್ತನೇ ದಿನ ಮೊದಲ ಬಾರಿ ವೈದ್ಯರು ನೋಡಿದಾಗ ತೂಕ 2.9 ಕೆಜಿ. ಜಂತಿನ ಔಷಧಿ ಕೊಟ್ಟರು. ಬೆಕ್ಕಿನ ಮೂರು ದೊಡ್ಡ ಸೋಂಕುಗಳಿಗೆ ಒಟ್ಟಿಗೆ ಕೊಡುವ ಲಸಿಕೆಯ ಮೊದಲ ಡೋಸ್, ಜೊತೆಗೆ ರೇಬಿಸ್ ಲಸಿಕೆ ಹಾಕಿದರು. ಮೂರು ವಾರ ಬಿಟ್ಟು ಎರಡನೇ ಡೋಸ್. ಚಿಗಟಕ್ಕೆ ಕತ್ತಿನ ಹಿಂದೆ ಹಾಕುವ ಹನಿಯನ್ನು ಬೆಕ್ಕಿನದ್ದೇ ಕೇಳಿ ತಗೊಳ್ಳಿ. ನಾಯಿಯ ಹನಿಗಳಲ್ಲಿ ಕೆಲವದರಲ್ಲಿ ಪರ್ಮೆತ್ರಿನ್ ಇರುತ್ತೆ, ಅದು ಬೆಕ್ಕನ್ನು ಕೊಲ್ಲುತ್ತೆ.

ಗೌರಿ ಊರಿನಲ್ಲಿ ಮೂರು ಸಲ ಮರಿ ಹಾಕಿದ್ದಳು. ಏಳನೇ ವಾರ ಸಂತಾನಹರಣ ಆಪರೇಷನ್ ಮಾಡಿಸಿದೆವು. ಮನೆಯೊಳಗೇ ಇರುವವಳಿಗೆ ಯಾಕೆ ಅಂತ ಅಮ್ಮ ಕೇಳಿದಳು. ಬೆದೆಗೆ ಬಂದ ಬೆಕ್ಕು ರಾತ್ರಿಯಿಡೀ ಕೂಗುತ್ತೆ, ಬಾಗಿಲು ತೆರೆದ ಕ್ಷಣ ಓಡುತ್ತೆ, ಎರಡು ತಿಂಗಳು ಕಳೆದರೆ ಮತ್ತೆ ನಾಲ್ಕು ಮರಿ. ಆ ನಾಲ್ಕಕ್ಕೆ ಮನೆ ಎಲ್ಲಿ? ಹಿಂದಿನ ಮರಿಗಳಲ್ಲಿ ಎಷ್ಟು ಉಳಿದವು ಅಂತ ನಾನು ಕೇಳಿದೆ. ಅಮ್ಮ ಬೆರಳು ಮಡಿಸಿ ಎಣಿಸಿದಳು. ಹನ್ನೊಂದರಲ್ಲಿ ಎರಡು. ಮತ್ತೆ ಆ ಮಾತು ಎತ್ತಲಿಲ್ಲ.

ಹೊಲಿಗೆ ನೆಕ್ಕದಿರಲಿ ಅಂತ ಹತ್ತು ದಿನ ಕತ್ತಿನ ಸುತ್ತ ಆಲಿಕೆ ಆಕಾರದ ಕೋನ್ ಹಾಕಿದ್ದರು. ತಟ್ಟೆಗೆ ಬಾಯಿ ಎಟುಕದೆ ಪರದಾಡಿದಳು. ಅಮ್ಮ ತಟ್ಟೆಯನ್ನು ಸಣ್ಣ ಮಣೆ ಮೇಲಿಟ್ಟು ಎತ್ತರ ಮಾಡಿದಳು.

ಯುಗಾದಿಗೆ ಎರಡು ದಿನ ಮುಂಚೆ ಎಂಟು ವಾರ ತುಂಬಿತು. ಅವತ್ತು ತೂಕ 3.4 ಕೆಜಿ. ಕ್ಯಾರಿಯರನ್ನು ಅಟ್ಟಕ್ಕೆ ಹಾಕಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅದನ್ನು ತೆಗೆದರೆ ಬೆಕ್ಕು ಅದನ್ನು ನೋಡಿದರೇ ಓಡುತ್ತೆ. ಅದು ಈಗ ಹಾಲ್‌ನ ಮೂಲೆಯಲ್ಲಿದೆ, ಬಾಗಿಲು ತೆರೆದೇ ಇರುತ್ತೆ, ಒಳಗೆ ಅಮ್ಮನ ಅದೇ ಹಳೇ ಸೀರೆ. ಮಧ್ಯಾಹ್ನ ಗೌರಿ ಅಲ್ಲೇ ಮಲಗುತ್ತಾಳೆ. ಮುಂದಿನ ಲಸಿಕೆ 2025ರ ಫೆಬ್ರವರಿಗೆ ಇತ್ತು.